ನಕಲು ಸಿಕ್ಕಿತು ಎಂದು ಸಹಿ ಹಾಕುವ ಮೊದಲು

ಪ್ರಶ್ನೆ: ನನ್ನ ತಮ್ಮ ಶಿರಸಿ ಹತ್ತಿರ ಒಂದು ಅಡಿಕೆ ಗೋದಾಮಿನಲ್ಲಿ ಹಮಾಲಿ ಕೆಲಸಕ್ಕಿದ್ದ. ಎರಡು ಚೀಲ ಚಾಲಿ (ಒಣಗಿಸಿ ಸುಲಿದ ಅಡಿಕೆ) ಕದ್ದ ಎಂದು ಕಳೆದ ಮಳೆಗಾಲದಲ್ಲಿ ಅವನ ಮೇಲೆ ಕೇಸಾಯಿತು. ಈಗ ಜಾಮೀನಿನ ಮೇಲೆ ಮನೆಯಲ್ಲಿದ್ದಾನೆ. ಆ ರಾತ್ರಿ ಅವನು ನಮ್ಮ ಮನೆಯಲ್ಲೇ ಇದ್ದ. ಗೋದಾಮಿನ ಸಿಸಿಟಿವಿ ದೃಶ್ಯ ದಾಖಲಾಗುವ ಪೆಟ್ಟಿಗೆ, ಡಿವಿಆರ್, ಪೊಲೀಸರು ಒಯ್ದದ್ದನ್ನು ಕಂಡವರಿದ್ದಾರೆ. ಚಾರ್ಜ್‌ಶೀಟ್‌ನಲ್ಲಿ ಅದರ ಸುದ್ದಿಯೇ ಇಲ್ಲ ಎನ್ನುತ್ತಾರೆ ವಕೀಲರು. ಮುಂದಿನ ತಾರೀಕಿಗೆ ನಕಲು ಕೊಡುತ್ತಾರಂತೆ. ‘ಒಪ್ಪಿಕೊಂಡು ದಂಡ ಕಟ್ಟಿ ಮುಗಿಸಿ’ ಎಂದು ನೆಂಟರು ಗಂಟುಬಿದ್ದಿದ್ದಾರೆ. ಏನು ಮಾಡಲಿ?
— ಓದುಗರು, ಕುಮಟಾ

ಉತ್ತರ: ಒಪ್ಪಿಕೊಳ್ಳುವ ಮಾತು ಸದ್ಯ ಬದಿಗಿಡಿ, ತಂಗೀ. ತೂಕ ನೋಡದೆ ಯಾರಾದರೂ ಅಡಿಕೆ ಕೊಡುತ್ತಾರಾ?

ನಾನು ವಕೀಲನಲ್ಲ. 31 ವರ್ಷ ಈ ಜಿಲ್ಲೆಯ ಕೋರ್ಟುಗಳಲ್ಲಿ ಗುಮಾಸ್ತನಾಗಿ, ಕೊನೆಗೆ ಶಿರಸ್ತೇದಾರನಾಗಿ ಫೈಲು ಹೊಲಿದವ. ವಾದ ಹೇಗೆ ಎಂಬುದನ್ನು ನಿಮ್ಮ ವಕೀಲರು ನೋಡಿಕೊಳ್ಳುತ್ತಾರೆ. ಕಾಗದದ ವಿಷಯ ಮಾತ್ರ ನಾನು ಹೇಳುತ್ತೇನೆ.

2024ರ ಜುಲೈ 1ರಿಂದ ಹೊಸ ಕಾನೂನು, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಜಾರಿಯಲ್ಲಿದೆ. ಅದರ 230ನೇ ಕಲಮಿನ ಪ್ರಕಾರ ಆರೋಪಿ ಕೋರ್ಟಿಗೆ ಹಾಜರಾದ 14 ದಿನದೊಳಗೆ ಎಫ್‌ಐಆರ್, ಚಾರ್ಜ್‌ಶೀಟ್, ಸಾಕ್ಷಿಗಳ ಹೇಳಿಕೆ, ಜೊತೆಗಿಟ್ಟ ದಾಖಲೆಗಳ ನಕಲು ಕೊಡಬೇಕು. ಪುಕ್ಕಟೆ. ಕೊಟ್ಟ ಮೇಲೆ ಆರ್ಡರ್ ಶೀಟಿನಲ್ಲಿ ‘ನಕಲು ಪಡೆದಿದ್ದೇನೆ’ ಎಂದು ಸಹಿ ಹಾಕಿಸಿಕೊಳ್ಳುತ್ತಾರೆ. ಆ ಸಹಿ ಸಣ್ಣದಲ್ಲ. ನಿಮ್ಮ ತಮ್ಮನಂಥ ಕೇಸಿನಲ್ಲಿ, ವಿಚಾರಣೆಗೆ ಮೊದಲೇ ತನ್ನನ್ನು ಕೈಬಿಡಿ ಎಂದು ಅರ್ಜಿ ಹಾಕಲು 60 ದಿನ ಸಿಗುತ್ತದೆ. ನಕಲು ಸಿಕ್ಕ ದಿನದಿಂದಲೇ ಲೆಕ್ಕ.

ನನ್ನದೇ ಒಂದು ತಪ್ಪು ಹೇಳುತ್ತೇನೆ. ಜುಲೈ ತಿಂಗಳು. ಈ ಕಡೆಯ ಮಳೆಗೆ ಕಾಗದವೆಲ್ಲ ತಣ್ಣಗೆ, ಮೆತ್ತಗೆ. ಜೆರಾಕ್ಸ್ ಯಂತ್ರದಲ್ಲಿ ಎರಡು ಹಾಳೆ ಅಂಟಿಕೊಂಡು ಒಂದಾಗಿ ಹೋಗಿವೆ. 16 ಆದ ಮೇಲೆ 18. ನಾನು ಎಣಿಸಲಿಲ್ಲ, ಆರೋಪಿ ಸುಮ್ನೆ ಸಹಿ ಹಾಕಿದ. 17ನೇ ಪುಟದಲ್ಲಿದ್ದದ್ದು ಪಂಚನ, ಅಂದರೆ ಪೊಲೀಸರ ಜಪ್ತಿಗೆ ಸಾಕ್ಷಿಯಾಗಿ ನಿಂತವನ, ಹೇಳಿಕೆ. ಪಂಚ ಅಂಕೋಲಾದಿಂದ ಬಸ್ಸು ಹತ್ತಿ ಬಂದು ಕಟಕಟೆಯಲ್ಲಿ ನಿಂತ ಮೇಲೆ ವಕೀಲರು ಎದ್ದು, ‘ನನ್ನ ಕಡೆ ಈ ಹಾಳೆಯೇ ಇಲ್ಲ ಸ್ವಾಮಿ’ ಎಂದರು. ಮುಂದಿನ ತಾರೀಕು. ಪಂಚ ಮತ್ತೊಮ್ಮೆ ಕೂಲಿ ಬಿಟ್ಟು ಬಂದ. ಜಾಮೀನಿಲ್ಲದ ಆರೋಪಿ ಅಷ್ಟೂ ದಿನ ಒಳಗೇ ಇದ್ದ. ಅಂದಿನಿಂದ ನಾನು ಬೆರಳಿಗೆ ಉಗುಳು ಹಚ್ಚಿ ಪುಟ ಎಣಿಸದೆ ಯಾರಿಗೂ ನಕಲು ಕೊಟ್ಟಿಲ್ಲ.

ಇನ್ನು ಡಿವಿಆರ್. ಪೊಲೀಸರು ತಮಗೆ ಬೇಕಾದ್ದನ್ನಷ್ಟೇ ಕೊಟ್ಟು ಸುಮ್ಮನಾಗುವಂತಿಲ್ಲ. ತನಿಖೆಯಲ್ಲಿ ವಶಪಡಿಸಿಕೊಂಡು ಕೇಸಿಗೆ ಬಳಸದೆ ಬಿಟ್ಟ ಹೇಳಿಕೆ, ಕಾಗದ, ವಸ್ತುಗಳ ಪಟ್ಟಿಯನ್ನೂ ಆರೋಪಿಗೆ ಕೊಡಬೇಕು ಎಂದು 2021ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ‘ಆ ಪಟ್ಟಿ ಎಲ್ಲಿ?’ ಎಂದು ವಕೀಲರಿಂದ ಬರವಣಿಗೆಯಲ್ಲೇ ಕೇಳಿಸಿ. ಬಾಯಿಮಾತಿನಲ್ಲಿ ಕೇಳಿದ್ದು ಫೈಲಿಗೆ ಬರುವುದಿಲ್ಲ. ಪಟ್ಟಿಯಲ್ಲಿ ಡಿವಿಆರ್ ಇದ್ದರೆ ಅದನ್ನು ತರಿಸಿ ಎಂದು ಅದೇ ಹೊಸ ಕಾನೂನಿನ 94ನೇ ಕಲಮಿನಲ್ಲಿ ಅರ್ಜಿ ಹಾಕಬಹುದು. ಪಟ್ಟಿಯಲ್ಲಿ ಇಲ್ಲದಿದ್ದರೆ, ಒಯ್ದದ್ದನ್ನು ಕಂಡವರು ನಿಮಗೆ ಇನ್ನೂ ಜಾಸ್ತಿ ಮುಖ್ಯ.

ಒಂದು ತೊಡಕಿದೆ. ಆರೋಪ ಹೊರಿಸುವ ಹಂತದಲ್ಲಿ ಕೋರ್ಟು ನೋಡುವುದು ಸಾಮಾನ್ಯವಾಗಿ ಪೊಲೀಸರು ಇಟ್ಟ ಕಾಗದವನ್ನಷ್ಟೇ. ಆದರೆ ತನಿಖಾಧಿಕಾರಿ ಗಟ್ಟಿ ಸಾಕ್ಷ್ಯವನ್ನೇ ಹೊರಗಿಟ್ಟಿದ್ದರೆ ಆ ಹಂತದಲ್ಲೂ ತರಿಸಬಹುದು ಎಂದು 2017ರಲ್ಲಿ, ನಮ್ಮ ಕರ್ನಾಟಕದಿಂದಲೇ ಹೋದ ಒಂದು ಪ್ರಕರಣದಲ್ಲಿ, ಸುಪ್ರೀಂ ಕೋರ್ಟ್ ಒಪ್ಪಿದೆ. ನಿಮ್ಮದು ಅಷ್ಟು ಗಟ್ಟಿಯೋ ಅಲ್ಲವೋ ವಕೀಲರು ಅಳೆಯಲಿ. ಡಿವಿಆರ್ ಇನ್ನೂ ಗೋದಾಮಿನಲ್ಲೇ ಇದೆ ಎಂದು ತಿಳಿದರೆ ಮಾತ್ರ ತಡ ಮಾಡಬೇಡಿ. ಹಳೆ ದೃಶ್ಯದ ಮೇಲೆ ಹೊಸದು ಕೂತು ಅಳಿಸಿಹೋಗುತ್ತದೆ.

ಮಹಜರಿನ, ಅಂದರೆ ಪಂಚರ ಮುಂದೆ ಜಪ್ತಿ ಮಾಡಿದ್ದನ್ನು ಬರೆದಿಟ್ಟ ಕಾಗದದ, ನಕಲು ಬಂದಾಗ ಮೊದಲು ಗಂಟೆ ನೋಡಿ. ಎಷ್ಟಕ್ಕೆ ಶುರು, ಎಷ್ಟಕ್ಕೆ ಮುಗಿಯಿತು, ಪಂಚರು ಯಾರು, ಚೀಲದ ತೂಕ ಬರೆದಿದ್ದಾರಾ, ಗುರುತಿನ ಚೀಟಿ ಅಂಟಿಸಿದ್ದಾರಾ. ಈಗ ಶೋಧ ಮತ್ತು ಜಪ್ತಿಯನ್ನು ವಿಡಿಯೋ ಮಾಡಲೇಬೇಕು. ವಿಡಿಯೋದ ಗಂಟೆಗೂ ಮಹಜರಿನ ಗಂಟೆಗೂ ತಾಳೆಯಾಗದಿದ್ದರೆ ಪಾಟೀಸವಾಲಿಗೆ ಅದೇ ಸಾಕಷ್ಟು. ಸಾಕ್ಷಿಗಳ ಹೇಳಿಕೆಯ ಕೆಳಗೆ ಸಹಿ ಇಲ್ಲ ಎಂದು ಗಾಬರಿಯಾಗಬೇಡಿ, ಪೊಲೀಸರ ಮುಂದಿನ ಹೇಳಿಕೆಗೆ ಸಹಿ ಹಾಕಿಸುವಂತೆಯೇ ಇಲ್ಲ. ಕೇಸ್ ಡೈರಿಯನ್ನೂ ಕೇಳಬೇಡಿ. ಅದು ಆರೋಪಿಗೆ ಸಿಗುವುದಿಲ್ಲ, ಕೇಳಿ ದಿನ ಹಾಳು.

ಇಷ್ಟೂ ಓದಿ ನೋಡಿದ ಮೇಲೂ ಒಪ್ಪಿಕೊಳ್ಳುವುದೇ ಸರಿ ಎನಿಸಿದರೆ ಅದು ತಮ್ಮನೇ ಮಾಡುವ ತೀರ್ಮಾನ, ನೆಂಟರದ್ದಲ್ಲ. ದಂಡ ಕಟ್ಟಿದರೂ ಕಳವಿನ ಶಿಕ್ಷೆ ಎಂದೇ ದಾಖಲೆಯಲ್ಲಿ ಉಳಿಯುತ್ತದೆ. ನಾಳೆ ಇನ್ನೊಂದು ಗೋದಾಮಿಗೆ ಕೆಲಸ ಕೇಳಿ ಹೋಗಬೇಕಾದವನು ಅವನೇ ಅಲ್ವಾ?

ತಾರೀಕಿನ ದಿನ ಸ್ವಲ್ಪ ಬೇಗ ಹೋಗಿ. ಪೆನ್ಸಿಲ್ ಇರಲಿ. ಪುಟ ಎಣಿಸಿ, ಮಸುಕಾದ ಹಾಳೆಗೆ ಗುರುತು ಹಾಕಿ, ಅದನ್ನು ಮತ್ತೆ ಕೊಡಿ ಎಂದು ಅಲ್ಲೇ ಕೇಳಿ. ಗುಮಾಸ್ತ ಗೊಣಗಿದರೆ ಗೊಣಗಲಿ, ನಾನೂ ಗೊಣಗಿದವನೇ. ಕಾಗದ ಇಡಲು ಒಂದು ಪ್ಲಾಸ್ಟಿಕ್ ಕೊಟ್ಟೆ ಮರೆಯಬೇಡಿ.