ಭಾರತದ ಮೊದಲ ವಿಮಾನ ಅಂಚೆಗೂ ನಮ್ಮ ಬಳ್ಳಾರಿಗೂ ಏನು ಸಂಬಂಧ?

ಸಂಬಂಧ ನೇರವಾಗಿಯೇ ಇದೆ, ಆದರೆ ಮೊದಲ ಅಂಚೆ ಹಾರಾಟ ನಡೆದದ್ದು ಇಲ್ಲಲ್ಲ. 1911ರ ಫೆಬ್ರವರಿ 18ರಂದು ಫ್ರಾನ್ಸಿನ ಆನ್ರಿ ಪೆಕೆ ಅಲಹಾಬಾದಿನಿಂದ ಯಮುನೆಯಾಚೆಯ ನೈನಿಗೆ ಸುಮಾರು 6,500 ಪತ್ರಗಳನ್ನು ವಿಮಾನದಲ್ಲಿ ಒಯ್ದರು.

ಬಳ್ಳಾರಿಯ ಹೆಸರು ಬರುವುದು 1932ರ ಅಕ್ಟೋಬರಿನಲ್ಲಿ. ಲಂಡನ್ನಿನಿಂದ ಕರಾಚಿಗೆ ಬಂದಿದ್ದ ಅಂಚೆಯನ್ನು 15ರಂದು ಜೆ.ಆರ್.ಡಿ. ಟಾಟಾ ಅವರು ಒಂದೇ ಎಂಜಿನ್ನಿನ ಪುಸ್ ಮಾತ್ ವಿಮಾನದಲ್ಲಿ ಅಹಮದಾಬಾದಿನ ಮಾರ್ಗವಾಗಿ ಮುಂಬಯಿಯ ಜುಹು ವಿಮಾನ ನಿಲ್ದಾಣಕ್ಕೆ ತಂದರು. ಅಲ್ಲಿಂದ ಅದನ್ನು ಟಾಟಾ ಅವರ ಜೊತೆಗಾರ ಪೈಲಟ್ ನೆವಿಲ್ ವಿನ್ಸೆಂಟ್ ಅವರು ಬಳ್ಳಾರಿಯ ಮೂಲಕ ಮದ್ರಾಸಿಗೆ ತಲುಪಿಸಿದರು. ಅಷ್ಟು ಚಿಕ್ಕ ವಿಮಾನಕ್ಕೆ ಮುಂಬಯಿ–ಮದ್ರಾಸು ನಡುವೆ ಇಳಿದು ಇಂಧನ ತುಂಬಿಸಿಕೊಳ್ಳಲು ಒಂದು ತಾಣ ಬೇಕೇ ಬೇಕಿತ್ತು, ಆಗ ಮದ್ರಾಸ್ ಪ್ರಾಂತಕ್ಕೆ ಸೇರಿದ್ದ ನಮ್ಮ ಬಯಲುಸೀಮೆಯ ಊರು ಆ ದಾರಿಯಲ್ಲೇ ಇತ್ತು. ಮುಂದೆ ಏರ್ ಇಂಡಿಯಾ ಆಗಿ ಬೆಳೆದ ಟಾಟಾ ಅವರ ಈ ಅಂಚೆ ಸೇವೆಯ ಮೊತ್ತಮೊದಲ ಮಾರ್ಗದಲ್ಲಿದ್ದ ಊರು ಇದೆಂಬುದನ್ನು ಇಲ್ಲಿನ ಶಾಲೆಯ ಮಕ್ಕಳಿಗೆ ತಪ್ಪದೆ ತಿಳಿಸಬೇಕೆಂಬುದು ನನ್ನ ಬಯಕೆ.