ಹಿಪ್ ಹಾಪ್ ಮತ್ತು ಅಕಾಲ ಮರಣ

ಪ್ರಶ್ನೆ: ಕಾಲೇಜಿಗೆ ಹೋಗುವ ನನ್ನ ಮಗ ಸದಾ ಹಿಪ್ ಹಾಪ್ ಕೇಳುತ್ತಾನೆ, ಅದು ಬಂಡಾಯದ ಸಂಗೀತ ಎನ್ನುತ್ತಾನೆ. ಅದರ ಕಲಾವಿದರಲ್ಲಿ ಅನೇಕರು ಎಳೆಯ ವಯಸ್ಸಿನಲ್ಲೇ ಸಾಯುವುದೇಕೆ? ಆ ಸಂಗೀತವೇ ಕಾರಣವೇ?
— ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ನಿಮ್ಮ ಮಗ ಹೇಳುವುದು ನಿಜ. ತಾಳದ ಮೇಲೆ ಲಯಬದ್ಧವಾಗಿ ಮಾತು ನುಡಿಯುವ ಈ ಸಂಗೀತ ಹುಟ್ಟಿದ್ದು ಹೀಗೆ. 1973ರಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಡಿಜೆ ಕೂಲ್ ಹರ್ಕ್ ಹಾಡಿನ ನಡುವಿನ ತಾಳವಾದ್ಯದ ತುಣುಕನ್ನಷ್ಟೇ ಮತ್ತೆ ಮತ್ತೆ ನುಡಿಸಿ ಜನರನ್ನು ಕುಣಿಸಿದರು; ಮುಂದೆ ಎರಡು ತಿರುಗುತಟ್ಟೆಗಳ ಮೇಲೆ ಒಂದೇ ರೆಕಾರ್ಡಿನ ಎರಡು ಪ್ರತಿಗಳನ್ನಿಟ್ಟು ಆ ತುಣುಕನ್ನು ಬೇಕಾದಷ್ಟು ಹಿಗ್ಗಿಸುವುದು ರೂಢಿಯಾಯಿತು. ಕಟ್ಟಡಗಳು ಸುಟ್ಟು ಪಾಳುಬಿದ್ದು, ಉದ್ಯೋಗವಿಲ್ಲದೆ ಬಳಲುತ್ತಿದ್ದ ಆ ಬಡಾವಣೆಯ ಕಪ್ಪು ಮತ್ತು ಲ್ಯಾಟಿನೊ ಯುವಕರು ಆ ತಾಳದ ಮೇಲೆ ತಮ್ಮ ಬದುಕನ್ನೇ ನುಡಿದರು. ಭದ್ರಾವತಿಯಲ್ಲಿ ಅಧ್ಯಾಪಕರಾಗಿದ್ದ ಬಿ. ಕೃಷ್ಣಪ್ಪನವರು ಕಟ್ಟಿದ ದಲಿತ ಸಂಘರ್ಷ ಸಮಿತಿಯ ಹೋರಾಟದ ಹಾಡುಗಳನ್ನು ಕೇಳಿದ ನಮ್ಮ ಜಿಲ್ಲೆಯವರಿಗೆ ಈ ಸಿಟ್ಟು ಅಪರಿಚಿತವೇನಲ್ಲ.

ಸಾವಿನ ಕಾರಣಗಳು ಮಾತ್ರ ಒಂದೇ ಅಲ್ಲ. ಹಿಪ್ ಹಾಪ್ ಹಾಡುಗಾರರಲ್ಲಿ ಟುಪಾಕ್ 1996ರಲ್ಲಿ 25ನೇ ವಯಸ್ಸಿಗೆ, ನಟೋರಿಯಸ್ ಬಿ.ಐ.ಜಿ. ಮರುವರ್ಷ 24ನೇ ವಯಸ್ಸಿಗೆ ಗುಂಡೇಟಿಗೆ ಬಲಿಯಾದರು. ಈಜಿ-ಇ ಅವರನ್ನು 1995ರಲ್ಲಿ ಏಡ್ಸ್ ಕೊಂದಿತು. ಮ್ಯಾಕ್ ಮಿಲ್ಲರ್ 2018ರಲ್ಲಿ 26ನೇ ವಯಸ್ಸಿಗೆ ಮಾದಕ ವಸ್ತುಗಳಿಂದ ಸತ್ತರು. ಬಂದೂಕು ಸುಲಭವಾಗಿ ಸಿಗುವ ದೇಶದಲ್ಲಿ, ಹುಟ್ಟಿದ ಕೇರಿಯ ಹಗೆತನವನ್ನು ಹಣ ಬಂದರೂ ಕಳಚಿಕೊಳ್ಳಲಾಗದವರ ಸಾವಿಗೆ ಹಾಡನ್ನು ದೂರುವುದು ಅನ್ಯಾಯವೆಂದೇ ನಾನು ನಂಬಿದ್ದೇನೆ. ಆದರೆ ಆ ಹಗೆತನವನ್ನೇ ಮಾರಾಟದ ಸರಕಾಗಿಸಿ ಲಾಭ ಪಡೆದ ಧ್ವನಿಮುದ್ರಣ ಉದ್ಯಮವನ್ನು ಹಾಗೆ ಬಿಟ್ಟುಬಿಡಲಾಗದು. ಮಗನ ಕಿವಿಯಿಂದ ಹಾಡು ಕಸಿಯಬೇಡಿ. ಅವನಿಗೆ ಇಷ್ಟವಾದ ಒಂದು ಹಾಡಿನ ಸಾಲುಗಳ ಅರ್ಥವನ್ನು ಅವನಿಂದಲೇ ಬಿಡಿಸಿ ಹೇಳಿಸಿಕೊಳ್ಳಿ.