ಮುಂಬೈಗೆ ಧೈರ್ಯವಾಗಿ ಹೋಗಿ ಬನ್ನಿ

ಓದುಗರ ಪತ್ರ: "ನಮ್ಮ ಯಜಮಾನರನ್ನು ಮುಂಬೈನ ಟಾಟಾ ಕ್ಯಾನ್ಸರ್ ಆಸ್ಪತ್ರೆಗೆ ತೋರಿಸಿಕೊಂಡು ಬರ್ರಿ ಅಂತ ಹುಬ್ಬಳ್ಳಿ ಡಾಕ್ಟರು ಚೀಟಿ ಬರೆದು ಕೊಟ್ಟಿದ್ದಾರೆ. ಮೈದುನ ಬ್ಯಾಡ ಅಂತಾನೆ. 'ಅಲ್ಲಿ ಮಂದಿ ಬಿದ್ದವ್ರನ್ನ ದಾಟ್ಕೊಂಡು ಹೊಕ್ಕಾರ, ನೀರು ಸೈತ ಕೇಳೂದಿಲ್ಲ' ಅಂತ ಹೆದರಿಸುತ್ತಾನೆ. ನನ್ನ ಹಿಂದಿ ಅಷ್ಟಕ್ಕಷ್ಟೆ. ಅಲ್ಲಿ ಗುರುತಿನವರು ಯಾರೂ ಇಲ್ಲ. ನೀವು ಹೋಗಿ ಬಂದವರು. ಏನು ಮಾಡಲಿ?"
— ಓದುಗರೊಬ್ಬರು, ಬೆಟಗೇರಿ

ಸಂಪಾದಕರ ಉತ್ತರ:

ಅಕ್ಕಾವ್ರೇ, ಹೋಗಿ. ಡಾಕ್ಟರು ಬರೆದು ಕೊಟ್ಟಿದ್ದಾರೆ ಅಂದ ಮೇಲೆ ಊರಿನ ಹೆದರಿಕೆಗೆ ಒಂದು ದಿನವೂ ತಡ ಮಾಡಬೇಡಿ.

ನಿಮ್ಮ ಮೈದುನ ಹೇಳಿದ ಮಾತನ್ನೇ ನನಗೂ ಎಲ್ಲರೂ ಹೇಳಿದ್ದರು. ನಮ್ಮ ಅತ್ತಿಗೆಯ ಚಿಕಿತ್ಸೆಗೆ ಅಂತ ಅಲ್ಲಿಗೆ ಓಡಾಡಿದಾಗ ಕಂಡದ್ದು ಬೇರೆ. ಮುಂಬೈ ಜನರಿಗೆ ಕರುಣೆ ಕಡಿಮೆ ಇಲ್ಲ, ಪುರುಸೊತ್ತು ಕಡಿಮೆ. ಅವರು ಸಹಾಯ ಮಾಡುತ್ತಾರೆ, ಆದರೆ ನಡೆಯುತ್ತಲೇ ಮಾಡುತ್ತಾರೆ. ನಾವು ಅದನ್ನು ನೋಡಿ ಸಿಡುಕು ಅಂದುಕೊಳ್ಳುತ್ತೇವೆ.

ಅಲ್ಲಿಯ ಲೋಕಲ್ ರೈಲು ಒಂದು ಸ್ಟೇಷನ್ನಿನಲ್ಲಿ ಅರ್ಧ ನಿಮಿಷವೂ ನಿಲ್ಲುವುದಿಲ್ಲ. ಅಷ್ಟರಲ್ಲಿ ನೂರಾರು ಜನ ಇಳಿಯಬೇಕು, ನೂರಾರು ಜನ ಹತ್ತಬೇಕು. ಬಾಗಿಲಲ್ಲಿ ನಿಂತು "ಹೋಗಲೋ ಬೇಡವೋ" ಅಂತ ಯೋಚಿಸಿದರೆ ಬೆನ್ನಿಗೆ ಕೈ ಬೀಳುತ್ತದೆ. ಅದು ಜಗಳವಲ್ಲ. ತಳ್ಳದಿದ್ದರೆ ನೀವೂ ಉಳಿಯುತ್ತೀರಿ, ಹಿಂದಿನವರೂ ಉಳಿಯುತ್ತಾರೆ, ಅಷ್ಟೆ.

ಒಂದು ಸಂಜೆ ದಾದರ್‌ನಲ್ಲಿ ನಾನೂ ಅತ್ತಿಗೆಯೂ ಹೆಂಗಸರ ಡಬ್ಬಿ ಹತ್ತಿದೆವು. ನನ್ನ ಕೈಯಲ್ಲಿ ದೊಡ್ಡ ಚೀಲ, ಅವರ ಕೈಯಲ್ಲಿ ಆಸ್ಪತ್ರೆಯ ಫೈಲು. ಕಿಟಕಿ ಪಕ್ಕ ಒಬ್ಬರು ತೊಡೆಯ ಮೇಲೆ ಪ್ಲಾಸ್ಟಿಕ್ ಚೀಲ ಹರಡಿಕೊಂಡು ಮೆಂತ್ಯ ಸೊಪ್ಪು ಬಿಡಿಸುತ್ತಿದ್ದರು. ಮನೆ ಮುಟ್ಟಿದ ಕೂಡಲೇ ಒಲೆ ಹಚ್ಚಬೇಕಲ್ಲ, ಅದಕ್ಕೆ ಸೊಪ್ಪು ರೈಲಿನಲ್ಲೇ ಸಿದ್ಧ. ತಲೆ ಎತ್ತದೆ "ಕುಠೆ?" ಅಂದರು. ಎಲ್ಲಿಗೆ ಅಂತ. ಮುಲುಂಡ್ ಅಂದೆ. ಫೈಲಿನ ಕಡೆ ಒಮ್ಮೆ ನೋಡಿದರು. ಸುಮ್ನೆ ಸರಿದರು, ಪಕ್ಕದವರೂ ಸರಿದರು, ಮೂವರ ಸೀಟಿನಲ್ಲಿ ಅತ್ತಿಗೆ ನಾಲ್ಕನೆಯವರಾಗಿ ಕೂತರು. ನನ್ನ ಚೀಲ ಯಾರದೋ ಕೈಯಿಂದ ಯಾರದೋ ಕೈಗೆ ಹೋಗಿ ಮೇಲಿನ ಹಲಗೆ ಸೇರಿತು. ಭಾಂಡುಪ್ ಸ್ಟೇಷನ್ ದಾಟುತ್ತಲೇ ಆಕೆಯೇ ಅತ್ತಿಗೆಯನ್ನು ಎಬ್ಬಿಸಿದರು. ಯಾವ ಕಡೆ ಪ್ಲಾಟ್‌ಫಾರ್ಮ್ ಬರುತ್ತದೆ ಅಂತ ಬೆರಳು ಮಾಡಿ ತೋರಿಸಿ, ಬಾಗಿಲ ತನಕ ದಾರಿ ಬಿಡಿಸಿದರು. ಚೀಲ ನಮಗಿಂತ ಮೊದಲೇ ಬಾಗಿಲಿಗೆ ಬಂದಿತ್ತು.

ನಮ್ಮ ಹೆಸರು ಕೇಳಲಿಲ್ಲ. ಊರು ಕೇಳಲಿಲ್ಲ. ನಮ್ಮ ಕಡೆ ಹಾಗಲ್ಲ, ಅಲ್ವಾ? ಧಾರವಾಡದಲ್ಲಿ ದಾರಿ ಕೇಳಿದರೂ "ಯಾವೂರಾಯ್ತ್ರಿ? ಯಾರ ಪೈಕಿ?" ಅಂತ ಮಾತು ಶುರು. ಆ ಅಕ್ಕರೆ ನನಗೂ ಇಷ್ಟ. ಆದರೆ ಯಾರ ಪೈಕಿ ಅನ್ನುವ ಉತ್ತರ ಕೇಳಿಕೊಂಡು ನೀರಿನ ಲೋಟ ಬದಲಿಸುವ ಮನೆಗಳು ನಮ್ಮ ಸೀಮೆಯಲ್ಲಿ ಇನ್ನೂ ಇವೆ. ಆ ರೈಲಿನಲ್ಲಿ ನಾಲ್ಕನೆಯ ಸೀಟು ಕೊಡುವ ಮುಂಚೆ ಯಾರೂ ಏನೂ ಕೇಳಲಿಲ್ಲ. ಇದನ್ನು ನಾನು ಬಹಳ ದೊಡ್ಡದು ಅಂತಲೇ ತಿಳಿದಿದ್ದೇನೆ.

2005ರ ಜುಲೈ 26ರ ಮಳೆ ನಿಮಗೂ ನೆನಪಿರಬಹುದು. ಮುಂಬೈನ ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಸುರಿಯಿತು. ನಮ್ಮ ಗದಗದಲ್ಲಿ ಇಡೀ ವರ್ಷಕ್ಕೂ ಸಾಮಾನ್ಯವಾಗಿ ಅಷ್ಟು ಬೀಳುವುದಿಲ್ಲ. ರೈಲು ನಿಂತವು, ಬಸ್ ಮುಳುಗಿದವು, ಲಕ್ಷಾಂತರ ಜನ ರಾತ್ರಿಯೆಲ್ಲ ನೀರಲ್ಲಿ ನಡೆದರು. ದಾರಿಯ ಪಕ್ಕದ ಮನೆಯವರು ಚಹಾ, ಬಿಸ್ಕೀಟು ಹಿಡಿದು ನಿಂತರು. ಗುರುತಿಲ್ಲದವರನ್ನು ಮನೆಯೊಳಗೆ ಕರೆದು ಮಲಗಿಸಿದರು. ನೀರು ಸೈತ ಕೇಳುವುದಿಲ್ಲ ಅನ್ನುವ ನಿಮ್ಮ ಮೈದುನನಿಗೆ ಇದನ್ನು ಓದಿ ಹೇಳಿ.

ಇಷ್ಟಕ್ಕೂ ಮುಂಬೈ ನಮಗೆ ಪರ ಊರೇನಲ್ಲ. 1956ರ ಏಕೀಕರಣದ ತನಕ ನಮ್ಮ ಧಾರವಾಡ ಸೀಮೆ, ಗದಗ, ಹಾವೇರಿ ಎಲ್ಲ ಮುಂಬೈ ರಾಜ್ಯದಲ್ಲೇ ಇದ್ದವು. ಕರ್ನಾಟಕ ವಿಶ್ವವಿದ್ಯಾಲಯ ಕೂಡ 1949ರಲ್ಲಿ ಶುರುವಾಗಿದ್ದು ಮುಂಬೈಯಲ್ಲಿ, ಮರುವರ್ಷ ಧಾರವಾಡಕ್ಕೆ ಬಂತು. ನಮ್ಮ ಹಿರಿಯರು ಕೋರ್ಟು, ಓದು, ಹಾಡು ಅಂತ ಅಲ್ಲಿಗೆ ಹೋಗಿ ಬರುತ್ತಿದ್ದರು. ಹೆದರಿಕೆ ಆಮೇಲೆ ಬಂದದ್ದು. ಜಾಸ್ತಿ ಅದು ಸಿನಿಮಾದಿಂದ ಬಂತು ಅಂತ ನನ್ನ ಲೆಕ್ಕ.

ಭಾಷೆಯ ಚಿಂತೆ ಬಿಡಿ. ಹರಕು ಮುರಕು ಹಿಂದಿ ಅಲ್ಲಿ ಎಲ್ಲರದೂ. ನಮ್ಮ ಕಡೆಯವರ ಕಿವಿಗೆ ಮರಾಠಿ ಹೊಸದಲ್ಲ. ಕನ್ನಡವೂ ಸಿಗುತ್ತದೆ. ಉಡುಪಿ ಹೋಟೆಲಿನ ಗಲ್ಲಾದಲ್ಲಿ ಕನ್ನಡದಲ್ಲಿ ಕೇಳಿ ನೋಡಿ. ಮಾಟುಂಗಾದಲ್ಲಿ 1926ರಲ್ಲಿ ಶುರುವಾದ ಕನ್ನಡಿಗರ ಸಂಘ ಮೈಸೂರು ಅಸೋಸಿಯೇಷನ್ ಇದೆ. ಆಸ್ಪತ್ರೆಯ ವರಾಂಡದಲ್ಲಿ ನಮಗೆ ಬೆಳಗಾವಿ, ವಿಜಯಪುರದ ಕನ್ನಡ ಕಿವಿಗೆ ಬೀಳುತ್ತಲೇ ಇತ್ತು.

ಕೇಳುವ ರೀತಿ ಮಾತ್ರ ಬದಲಿಸಿ. ನಮ್ಮಲ್ಲಿ ಪೀಠಿಕೆ ಹಾಕಿ ಕೇಳುತ್ತೇವೆ, ಅಲ್ಲಿ ಅಷ್ಟರಲ್ಲಿ ಎದುರಿನವರು ಹೋಗಿಬಿಟ್ಟಿರುತ್ತಾರೆ. "ಟಾಟಾ ಹಾಸ್ಪಿಟಲ್, ಪರೇಲ್" ಅನ್ನಿ, ಸಾಕು. ಕೈ ಮಾಡಿ ತೋರಿಸುತ್ತಾರೆ, ಎಷ್ಟೋ ಸಲ ತಿರುವಿನ ತನಕ ಜೊತೆಗೇ ಬರುತ್ತಾರೆ.

ಎಲ್ಲರೂ ದೇವರಂಥವರು ಅಂತ ನಾನು ಹೇಳುತ್ತಿಲ್ಲ. ಯಾವ ದೊಡ್ಡ ಆಸ್ಪತ್ರೆಯ ಹೊರಗಾದರೂ "ಬೇಗ ನಂಬರ್ ಹಚ್ಚಿಸ್ತೀನಿ" ಅನ್ನುವವರು ಸಿಗುತ್ತಾರೆ. ಅವರ ಕೈಗೆ ಒಂದು ರೂಪಾಯಿ ಕೊಡಬೇಡಿ, ಒಳಗೆ ಹೋಗಿ ಕೌಂಟರಿನಲ್ಲೇ ಕೇಳಿ. ಉಳಿಯಲು ದಾದರ್‌ನಲ್ಲಿ ಗಾಡಗೆ ಮಹಾರಾಜರ ಧರ್ಮಶಾಲೆ ಇದೆ, ಕ್ಯಾನ್ಸರ್ ರೋಗಿಗಳ ಕಡೆಯವರು ಅಲ್ಲಿ ಇಳಿದುಕೊಳ್ಳುತ್ತಾರೆ. ಜಾಗಕ್ಕೆ ಏನೇನು ಕಾಗದ ಬೇಕು ಅಂತ ಮೊದಲೇ ವಿಚಾರಿಸಿಕೊಳ್ಳಿ.

ಗದಗದಿಂದ ವಿಜಯಪುರ, ಸೊಲ್ಲಾಪುರದ ಮೇಲೆ ಮುಂಬೈಗೆ ರೈಲಿದೆ, ಗಾಡಿ ಬದಲಿಸುವ ತಾಪತ್ರಯವಿಲ್ಲ. ಕ್ಯಾನ್ಸರ್ ಚಿಕಿತ್ಸೆಗೆ ಹೋಗುವವರಿಗೂ ಜೊತೆಗಿರುವ ಒಬ್ಬರಿಗೂ ರೈಲ್ವೆಯವರು ಟಿಕೆಟ್‌ನಲ್ಲಿ ರಿಯಾಯಿತಿ ಕೊಡುತ್ತಾರೆ, ಅದಕ್ಕೆ ಆಸ್ಪತ್ರೆಯ ಪತ್ರ ಬೇಕು. ಲೋಕಲ್ ರೈಲಿನಲ್ಲಿ ಅಂಗವಿಕಲರ ಡಬ್ಬಿಯಲ್ಲಿ ಕ್ಯಾನ್ಸರ್ ರೋಗಿಗಳೂ ಹತ್ತಬಹುದು. ಆದರೂ ಬೆಳಿಗ್ಗೆ ಆಫೀಸಿನ ಹೊತ್ತಿನಲ್ಲಿ, ಸಂಜೆ ಅವರೆಲ್ಲ ಮನೆಗೆ ಮರಳುವ ಹೊತ್ತಿನಲ್ಲಿ ಯಜಮಾನರನ್ನು ಹತ್ತಿಸಬೇಡಿ. ನಾವು ಆ ಸಂಜೆ ಪಟ್ಟ ಪಾಡು ಅವರಿಗೆ ಬೇಡ. ಪರೇಲ್ ಕಡೆ ಆಟೋ ಓಡುವುದಿಲ್ಲ. ಕಪ್ಪು-ಹಳದಿ ಟ್ಯಾಕ್ಸಿ ಹಿಡಿಯಿರಿ, ಮೀಟರ್ ಹಾಕಿ ಅನ್ನಿ.

ಮೈದುನನನ್ನೂ ಕರೆದುಕೊಂಡು ಹೋಗಿ. ಆಸ್ಪತ್ರೆಯಲ್ಲಿ ಒಬ್ಬರು ಪಾಳಿಯಲ್ಲಿ ನಿಲ್ಲಬೇಕು, ಇನ್ನೊಬ್ಬರು ಯಜಮಾನರ ಹತ್ತಿರ ಕೂತಿರಬೇಕು. ಒಬ್ಬರಿಂದ ಆಗುವ ಕೆಲಸವಲ್ಲ. ಹಳೆಯ ರಿಪೋರ್ಟುಗಳನ್ನೆಲ್ಲ ತಾರೀಖಿನ ಪ್ರಕಾರ ಜೋಡಿಸಿ, ಎರಡೆರಡು ಜೆರಾಕ್ಸ್ ಮಾಡಿಸಿ ಇಟ್ಟುಕೊಳ್ಳಿ.